ಉಬ್ಬು ನೆತ್ತಿಯ ಪಿಸ್ಟನ್

ಎಂಜಿನ್ ಹೆಡ್ಡಿನ ಮೊದಲ ನಟ್ಟಿಗೆ ಮಗಳು ಸ್ಪ್ಯಾನರ್ ಕೊಟ್ಟಿದ್ದಳಷ್ಟೆ, ಅತ್ತೆ ಶೆಡ್ಡಿನ ಬಾಗಿಲಲ್ಲಿ ಪ್ರತ್ಯಕ್ಷಳಾದಳು.

"ಅಲ್ಲಿ ನಿಮ್ಮಪ್ಪ ನಡುಮನೇಲಿ ಮಲಗಿದಾನೆ, ಇಲ್ಲಿ ನೀನು ಗ್ರೀಸು ಮೆತ್ಕೊಂಡು ನಿಂತಿದೀಯ. ಬಂದೋರೆಲ್ಲ ಮಗಳೆಲ್ಲಿ ಅಂತಿದಾರೆ. ನಡಿ."

ಅವಳು ಕೈ ಒರೆಸಿಕೊಂಡು ಹೋಗಿ ಅಪ್ಪನ ಶವದ ಬಳಿ ಅಮ್ಮನ ಪಕ್ಕ ಕೂತಳು. ಕೂತಲ್ಲಿ ಕೂರಲಾಗಲಿಲ್ಲ.

ಬೆಳಿಗ್ಗೆ ಕುರ್ಚಿ ತರಲು ಶೆಡ್ಡಿಗೆ ಹೋದಾಗಲೇ ಅವಳ ನೆಮ್ಮದಿ ಕೆಟ್ಟಿತ್ತು. ಅಪ್ಪ ಕೊನೆಯದಾಗಿ ಕಟ್ಟುತ್ತಿದ್ದ ದೊಡ್ಡ ಬೋರಿನ, ಅಂದರೆ ಅಗಲ ಸಿಲಿಂಡರಿನ ಬೈಕ್ ಎಂಜಿನ್ ಮೇಜಿನ ಮೇಲಿತ್ತು, ಮೇಲಿನ ಮುಚ್ಚಳವಾದ ಹೆಡ್ಡನ್ನೂ ಕೂರಿಸಿ ಬಿಗಿದಾಗಿತ್ತು. ಅದಕ್ಕೆಂದು ಅವಳೇ ತಂದುಕೊಟ್ಟಿದ್ದ ಚಪ್ಪಟೆ ಪಿಸ್ಟನ್ ಮಾತ್ರ ಡಬ್ಬಿಯಲ್ಲೇ ತಣ್ಣಗೆ ಕೂತಿತ್ತು. ಪಕ್ಕದಲ್ಲೊಂದು ಖಾಲಿ ಡಬ್ಬಿ. ಅದರ ಮೇಲಿನ ಚಿತ್ರದಲ್ಲಿ ನೆತ್ತಿ ಗುಡ್ಡದಂತೆ ಉಬ್ಬಿದ ಪಿಸ್ಟನ್. ಡಬ್ಬಿಗೆ ಚಿಕ್ಕಪ್ಪನ ಅಂಗಡಿಯ ಚೀಟಿ. ಅಪ್ಪ ಉಬ್ಬು ಪಿಸ್ಟನ್ ಮುಟ್ಟಿದವರಲ್ಲ. ಆ ಹಟಕ್ಕೇ ಅವರಿಗೆ ಚಪ್ಪಟೆ ಮೇಷ್ಟ್ರು ಎಂದು ಹೆಸರು ಬಿದ್ದಿತ್ತು.

ಈಚೆಗೆ ಅವರು ಟೀಗೆ ಉಪ್ಪು ಹಾಕಿದ್ದುಂಟು, ಕನ್ನಡಕ ಹಣೆಯ ಮೇಲಿಟ್ಟುಕೊಂಡೇ ಮನೆಯೆಲ್ಲ ಜಾಲಾಡಿದ್ದುಂಟು. ಆಗ ಎಲ್ಲರೂ ನಕ್ಕಿದ್ದರು. ಈಗ ಅತ್ತೆ ಬಂದವರಿಗೆಲ್ಲ, ಅರವತ್ತಕ್ಕೆ ಅರಳುಮರಳು ಅಂತಾರಲ್ಲ, ಅಣ್ಣನಿಗೂ ಹಾಗೇ ಆಗಿತ್ತು ಎಂದು ಒಪ್ಪಿಸುತ್ತಿದ್ದಳು. ಕೇಳಿದಾಗಲೆಲ್ಲ ಮಗಳಿಗೆ ಶೆಡ್ಡಿನ ಖಾಲಿ ಡಬ್ಬಿ ಕಣ್ಣಿಗೆ ಬರುತ್ತಿತ್ತು: ಅದೂ ಮರೆವಿನ ಕೆಲಸವೇ ಆಗಿದ್ದರೆ? ಉಬ್ಬು ಒಂದು ಕೂದಲೆಳೆ ಹೆಚ್ಚಾದರೂ ಹೆಡ್ಡಿನಿಂದ ಇಳಿಯುವ ವಾಲ್ವ್ ಹೋಗಿ ಪಿಸ್ಟನ್ನಿಗೆ ಬಡಿಯುತ್ತದೆ. ಓಡುವ ಎಂಜಿನ್ ನಿಂತಲ್ಲೇ ಕಚ್ಚಿಕೊಂಡರೆ ಸವಾರನ ಗತಿ ಹೇಳುವುದೇ ಬೇಡ.

ಆ ಸವಾರ ಎದುರಿಗೇ ಕೂತಿದ್ದ. ವಾರವೆಲ್ಲ ಜನರ ಹಲ್ಲು ಕಿತ್ತು ಭಾನುವಾರ ರೇಸಿಗೆ ಇಳಿಯುವ ಹಲ್ಲಿನ ಡಾಕ್ಟರು. ಅಳುತ್ತಲೇ ಅವಳ ಬಳಿ ಬಗ್ಗಿ ಹೇಳಿದ: "ಎಂಜಿನ್ ಬಿಚ್ಬೇಡಮ್ಮ. ಮೇಷ್ಟ್ರ ಕೈಯಿಂದ ಆದ ಕೊನೇ ಕೆಲಸ. ಇದ್ದಂಗೇ ಕೊಡು, ಸಂಜೆ ತಗೊಂಡು ಹೋಗ್ತೀನಿ."

ಬಿಚ್ಚಿದರೆ ಅಪ್ಪನ ಮೇಲೆ ನಂಬಿಕೆಯಿಲ್ಲವೆಂದಾಗುತ್ತದೆ. ಬಿಚ್ಚದೆ ಕೊಟ್ಟರೆ? ಅವಳಿಗೆ ಎದ್ದು ಓಡಬೇಕೆನಿಸಿತು.

*

ಅಪ್ಪ, ಚಿಕ್ಕಪ್ಪ ಎಂಬ ಅಣ್ಣತಮ್ಮಂದಿರ ಜಗಳ ಹೊಲಕ್ಕಲ್ಲ, ಮನೆಗಲ್ಲ, ಪಿಸ್ಟನ್ನಿನ ನೆತ್ತಿಗೆ. ಉಬ್ಬಿದ್ದಷ್ಟೂ ಮೇಲಿನ ಜಾಗ ಕಿರಿದಾಗಿ ಒತ್ತಡ ಹೆಚ್ಚುತ್ತದೆ, ಗಾಡಿ ಹಾರುತ್ತದೆ ಎಂದು ತಮ್ಮ. ಬೋರು ದೊಡ್ಡದಾದಾಗ ಬೆಂಕಿ ಹರಡಬೇಕಾದ ದಾರಿಯೂ ದೊಡ್ಡದು, ನಡುವೆ ಗುಡ್ಡ ನಿಲ್ಲಿಸಿದರೆ ಅದು ಸುತ್ತು ಹಾಕುವಷ್ಟರಲ್ಲಿ ಮೂಲೆಯಲ್ಲಿ ಇನ್ನೊಂದು ಬೆಂಕಿ ಹೊತ್ತಿ ಎಂಜಿನ್ ಬಡಿದುಕೊಳ್ಳುತ್ತದೆ ಎಂದು ಅಣ್ಣ. ಒಂದು ದಿನ ತಮ್ಮ ತನ್ನ ಸ್ಪ್ಯಾನರುಗಳನ್ನು ಬುಟ್ಟಿಗೆ ತುಂಬಿಕೊಂಡು ಮೂರು ಬೀದಿಯಾಚೆ ಅಂಗಡಿ ಹಾಕಿದ. ಆಮೇಲೆ ಇಬ್ಬರಿಗೂ ಮಾತಿಲ್ಲ, ಕತೆಯಿಲ್ಲ.

*

ಚಿಕ್ಕಪ್ಪ ಬಂದಾಗ ನಡುಮನೆಯಲ್ಲಿದ್ದವರು ಸರಿದು ದಾರಿ ಬಿಟ್ಟರು. ಅವನು ಅಣ್ಣನ ಕಾಲ ಬಳಿ ನಿಂತು ಹೊರಗೆ ಹೋದ. ಮಗಳು ಹಿಂದೆಯೇ ಎದ್ದಳು. ಅತ್ತೆ ಸೆರಗು ಜಗ್ಗಿದರೂ ನಿಲ್ಲಲಿಲ್ಲ.

"ಆ ಪಿಸ್ಟನ್ ನೀವು ಕೊಟ್ಟಿದ್ದಾ, ಚಿಕ್ಕಪ್ಪ?"

"ಹೂಂ. ಹೋದ ತಿಂಗಳು ನಿಮ್ಮಪ್ಪ ತಾನಾಗೇ ಬಂದ. ಉಬ್ಬಿಂದೊಂದು ಕೊಡು ಅಂದ. ಗೆದ್ದೆ ಅಂದ್ಕೊಂಡೆ." ಚಿಕ್ಕಪ್ಪ ಮೂಗು ಒರೆಸಿಕೊಂಡ. "ರಾತ್ರಿ ನಿದ್ದೆ ಬರ್ಲಿಲ್ಲ ಕಣೇ. ಅವನು ನೆಟ್ಟಗಿದ್ದಿದ್ರೆ ನನ್ನ ಹತ್ರ ಬರೋನಾ?"

ಅವನಿಗೂ ಅದೇ ಭಯ. ಇಬ್ಬರೂ ಶೆಡ್ಡಿಗೆ ನಡೆದರು.

ಬಿಚ್ಚುವ ಮೊದಲು ಅವಳು ಎಂಜಿನ್ನನ್ನು ಸ್ಪ್ಯಾನರಿನಿಂದ ಮೆಲ್ಲಗೆ ಎರಡು ಸುತ್ತು ತಿರುಗಿಸಿದಳು. ಎಲ್ಲೂ ಕಚ್ಚಲಿಲ್ಲ. ಹೆಡ್ ಎತ್ತಿದರು. ಚಿಕ್ಕಪ್ಪ ಅದನ್ನು ಮಗುಚಿ ಬೆಳಕಿಗೆ ಹಿಡಿದ. ಒಳಗೆ ಬಾಣಲೆಯಷ್ಟು ಆಳ.

"ಹೆಡ್ ನೋಡಿದ್ಯೇನೇ, ಪಿಸ್ಟನ್ ತರೋ ಮುಂಚೆ?"

ನೋಡಿರಲಿಲ್ಲ. ಅಪ್ಪ ಚಪ್ಪಟೆಯವರು ತಾನೆ ಎಂದು ಕಣ್ಣುಮುಚ್ಚಿ ತಂದಿದ್ದಳು. ಇಷ್ಟು ಆಳದ ಹೆಡ್ಡಿಗೆ ಚಪ್ಪಟೆ ಹಾಕಿದ್ದರೆ ಮೇಲೆಲ್ಲ ಖಾಲಿ ಉಳಿದು ಒತ್ತಡವೇ ಹುಟ್ಟುತ್ತಿರಲಿಲ್ಲ. ಅಪ್ಪ ಅವಳಿಗೆ ಒಂದು ಮಾತೂ ಹೇಳದೆ, ಮಾತು ಬಿಟ್ಟ ತಮ್ಮನ ಅಂಗಡಿ ಮೆಟ್ಟಿಲು ಹತ್ತಿದ್ದರು. ಹಾಗೆಂದು ತಮ್ಮ ಕೊಟ್ಟದ್ದನ್ನು ಹಾಗೇ ಹಾಕಿರಲೂ ಇಲ್ಲ. ಬೆಂಕಿ ಸಾಗುವಷ್ಟು ಉಬ್ಬನ್ನು ಸವೆಸಿ, ವಾಲ್ವ್ ಇಳಿಯುವಲ್ಲಿ ಗುಳಿ ತೋಡಿದ್ದರು. ಒಂದು ಗೀರೂ ಇರಲಿಲ್ಲ.

"ಅರಳುಮರಳಂತೆ," ಎಂದು ಚಿಕ್ಕಪ್ಪ ಅಲ್ಲೇ ಸ್ಟೂಲಿನ ಮೇಲೆ ಕುಸಿದು ಬಿಕ್ಕಿದ.

ಗುಳಿಯಲ್ಲಿ ಮಕ್ಕಳು ಆಡುವ ಜೇಡಿಯ ತೆಳು ಬಿಲ್ಲೆ ಇತ್ತು. ವಾಲ್ವಿಗೂ ಪಿಸ್ಟನ್ನಿಗೂ ನಡುವೆ ಎಷ್ಟು ಸಂದು ಉಳಿಯುತ್ತದೆಂದು ನೋಡಲು ಮೆತ್ತುವ ಜೇಡಿ. ಅಪ್ಪ ಹೆಡ್ ಮುಚ್ಚಿದ್ದರು, ತಿರುಗಿಸುವ ಮೊದಲೇ ಎದೆ ಹಿಡಿದುಕೊಂಡು ಬಿದ್ದಿದ್ದರು. ಈಗ ಅವಳು ತಿರುಗಿಸಿದ್ದಕ್ಕೆ ವಾಲ್ವಿನ ಅಂಚು ಅದರಲ್ಲಿ ಒತ್ತಿಕೊಂಡಿತ್ತು. ಒತ್ತಿದಲ್ಲೇ ಕೊಯ್ದು ದಪ್ಪ ಅಳೆಯಬೇಕು.

ಬ್ಲೇಡು ಹಿಡಿದು ಬಗ್ಗಿದವಳು ಹಾಗೇ ನಿಂತಳು. ಬಿಲ್ಲೆಯ ಮೇಲೆ, ಒತ್ತಿನ ಆಚೀಚೆ, ಅಪ್ಪನ ಹೆಬ್ಬೆರಳ ಗೆರೆಗಳು ಒಂದೂ ಬಿಡದೆ ಮೂಡಿದ್ದವು.

"ವ್ಯಾನು ಬಂತು," ಎಂದು ಅತ್ತೆ ಹೊರಗಿನಿಂದ ಕೂಗಿದಳು.

"ನಾನು ಕೊಯ್ಲಾ?" ಎಂದ ಚಿಕ್ಕಪ್ಪ.

"ಬೇಡ."

ಅವಳೇ ಎರಡು ಹೋಳಾಗಿ ಕೊಯ್ದಳು, ಅಳೆದಳು. ಸಂದು ಬೇಕಾದಷ್ಟಿತ್ತು.

ಮನೆಯ ಮುಂದೆ ಎಲ್ಲರೂ ಅಪ್ಪನನ್ನು ಎತ್ತಲು ಬಗ್ಗಿದರು. ಮಗಳು ಬಲಗೈಯೊಂದನ್ನೇ ಕೊಟ್ಟಳು. ಎರಡೂ ಕೈ ಹಾಕೇ ಎಂದು ಅತ್ತೆ ಗದರಿದಳು. ಅವಳು ಹಾಕಲಿಲ್ಲ. ಎಡಗೈಯನ್ನು ಬಿಚ್ಚಿ ಹಿಡಿದೇ ವ್ಯಾನಿನವರೆಗೂ ನಡೆದಳು. ಅಂಗೈಯ ಜೇಡಿಯಲ್ಲಿ ಅಪ್ಪನ ಅರ್ಧ ಹೆಬ್ಬೆರಳಿತ್ತು.