ನಮ್ಮವರು ಚಹಾಪುಡಿ

೧೯೮೭ರಲ್ಲಿ ಚಿಕ್ಕೋಡಿಯ ಜಯಪಾಲ ಸ್ವಂತ ಚಹಾಪುಡಿಯ ವ್ಯಾಪಾರ ಶುರುಮಾಡಿ ಅದಕ್ಕೆ ‘ನಮ್ಮವರು’ ಎಂದು ಹೆಸರಿಟ್ಟ. ಇದು ಪರವೂರಿನ ಕಂಪನಿಯದಲ್ಲ, ನಮ್ಮ ಜನರದೇ ಎಂಬ ಅಭಿಮಾನ ಹುಟ್ಟಲಿ ಎಂಬುದು ಅವನ ಆಸೆ. ಮೊದಲ ಪೊಟ್ಟಣವನ್ನು ಹೆಂಡತಿ ಕಮಲಾಬಾಯಿಗೆ ತೋರಿಸಿದಾಗ ಅವಳು ಬಾಯಿಗೆ ಸೆರಗು ಹಿಡಿದು ಒಳಗೆ ಹೋಗಿಬಿಟ್ಟಳು. ಹೆಸರು ಮೆಚ್ಚಿಗೆಯಾಯಿತು ಎಂದುಕೊಂಡ.

ನಿಪ್ಪಾಣಿಯಲ್ಲಿ ಪುಡಿ ಚೆನ್ನಾಗಿ ಹೋಯಿತು. ಅಲ್ಲಿಯ ಮರಾಠಿ ಗಿರಾಕಿಗಳು ಅದು ಯಾರದೋ ಅಡ್ಡಹೆಸರಿರಬೇಕೆಂದು ತಿಳಿದು ಕೇಳಿ ಒಯ್ಯುತ್ತಿದ್ದರು. ಕಬ್ಬೂರಿನಲ್ಲಿ ಮಾತ್ರ ಒಂದೆರಡು ಬಿಟ್ಟರೆ ಪೊಟ್ಟಣಗಳು ಇಟ್ಟಲ್ಲೇ ಕೂತಿದ್ದವು. ಕಾರಣ ತಿಳಿಯಲು ಜಯಪಾಲ ಒಂದು ಸಂತೆಯ ದಿನ ಆ ಊರಿನ ಧರೆಪ್ಪನ ಕಿರಾಣಿ ಅಂಗಡಿಯಲ್ಲಿ ಹೋಗಿ ಕೂತ.

ಹೊಸದಾಗಿ ಮದುವೆಯಾಗಿ ಬಂದಿದ್ದ ಹುಡುಗಿಯೊಬ್ಬಳು ಚಹಾಪುಡಿಯತ್ತ ಬೆರಳು ತೋರಿಸಿದಳು.

“ಯಾವ್ದವ್ವಾ? ಹೆಸರ ಹೇಳು,” ಎಂದ ಧರೆಪ್ಪ.

“ಅದ ರೀ... ಬ್ಯಾಡ ಬಿಡ್ರಿ, ಬ್ಯಾರೇದ ಕೊಡ್ರಿ.”

ಹಿಂದೆ ನಿಂತ ಹೆಂಗಸರು ಕಿಸಕ್ಕನೆ ನಕ್ಕರು. “ಗಂಡನ್ನ ಅಂಗಡ್ಯಾಗ ಹೆಂಗ ಕೇಳ್ಬೇಕ ಪಾಪ!”

ಜಯಪಾಲನಿಗೆ ಆಗ ಹೊಳೆಯಿತು. ಗಂಡನ ಹೆಸರು ಹೇಳದ ಹೆಂಗಸರು ‘ನಮ್ಮವರು’ ಎನ್ನುವುದು ಗಂಡನಿಗೆ! ಅವನ ಕಿವಿಗಳು ಬಿಸಿಯಾದವು.

“ನಾಳೇನ ಬ್ಯಾರೆ ಹೆಸರ ಹಾಕಸ್ತೀನಿ ಧರೆಪ್ಪಾ,” ಎಂದ.

“ಯಾಕೋ ತಮ್ಮಾ?” ಎಂದಳು ಮೆಟ್ಟಿಲಲ್ಲಿ ಕೂತಿದ್ದ ಕೆಂಪವ್ವ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡ ಮುದುಕಿ. “ಅವರು ಹೋದ ಮ್ಯಾಲ ಆ ಮಾತ ನನ್ನ ಬಾಯಾಗ ಬರೂದ ನಿಂತಿತ್ತು. ‘ನಮ್ಮವರು ಬಂದ್ರು, ನಮ್ಮವರು ಉಂಡ್ರು’ ಅಂತ ಯಾರ ಮುಂದ ಹೇಳ್ಲಿ? ಈಗ ಸಂತಿಗೊಮ್ಮೆ ಬಂದು ಬಾಯ್ತುಂಬ ಅಂತೀನಿ.” ಆಮೇಲೆ ಎದ್ದು ನಿಂತು, ಎಲ್ಲರಿಗೂ ಕೇಳುವಂತೆ, “ಧರೆಪ್ಪಾ, ನಮ್ಮವರನ್ನ ಕೊಡಪಾ,” ಎಂದಳು.

ಯಾರೂ ನಗಲಿಲ್ಲ. ಜಯಪಾಲ ತಾನೇ ಪೊಟ್ಟಣ ತೆಗೆದು ಎರಡೂ ಕೈಯಿಂದ ಅವಳಿಗೆ ಕೊಟ್ಟ.

“ಹೆಸರ ಹಂಗ ಇರ್ತೈತಿ ಬೇ,” ಎಂದ.

ಆ ಹುಡುಗಿ ಇನ್ನೂ ಅಲ್ಲೇ ಇದ್ದಳು. ನೆಲ ನೋಡುತ್ತ, “ನನಗೂ... ನಮ್ಮವರನ್ನ ಕೊಡ್ರಿ,” ಎಂದಳು.

“ಚಲೋತ್ನಾಗಿ ಕುದಸವಾ!” ಎಂದಳು ಕೆಂಪವ್ವ. ಈ ಸಲ ಅಂಗಡಿ ತುಂಬ ನಗೆ, ಹುಡುಗಿಯೂ ನಕ್ಕಳು.

ಮುಂದೆ ಕಬ್ಬೂರಿನ ನಲ್ಲಿಯ ಹತ್ತಿರ ಹೆಂಗಸರಿಗೆ ಅದೇ ಚೇಷ್ಟೆಯಾಯಿತು.

“ನಿಮ್ಮವರು ಹೆಂಗ ಅದಾರ್ಬೇ?”

“ಭಾಳ ಕಡಕ್ ಅದಾರ. ಸಕ್ಕರಿ ಜಾಸ್ತಿ ಹಾಕಬೇಕ!”