ಬೆನ್ನಿಲ್ಲದ ಕೋಟು

ಎದುರಿಗೆ ಪರಿಚಿತರು ಸಿಕ್ಕರೆ ಎಲ್ಲರೂ ಒಂದು ಹೆಜ್ಜೆ ಮುಂದಿಡುತ್ತಾರೆ. ಗದ್ದದ ಮಾಮ ಎರಡು ಹೆಜ್ಜೆ ಹಿಂದಿಡುತ್ತಿದ್ದರು. ಬೀದಿಯ ತಿರುವಿನಲ್ಲಿ, ಆಸ್ಪತ್ರೆಯ ಮೆಟ್ಟಿಲಿನಲ್ಲಿ, ಸಾವಿನ ಮನೆಯ ಬಾಗಿಲಿನಲ್ಲಿ ಕೂಡ, ಮುಖವೊಂದು ಕಂಡ ಕೂಡಲೇ ಅವರ ಹಿಮ್ಮಡಿ ತಾನಾಗಿ ಹಿಂದಕ್ಕೆ ಸರಿದು, ಕತ್ತು ಓರೆಯಾಗಿ, ಎಡಗಣ್ಣು ಅರೆ ಮುಚ್ಚಿ, ಆ ಮುಖವು ಅವರೊಬ್ಬರಿಗೇ ಕಾಣುವ ಯಾವುದೋ ಚೌಕಟ್ಟಿನೊಳಗೆ ನೆಟ್ಟಗೆ ಕುಳಿತಿದೆಯೆಂದು ಖಾತ್ರಿಯಾದ ಮೇಲೆಯೇ "ಚೆನ್ನಾಗಿದ್ದೀರಾ?" ಎಂಬ ಮಾತು ಹೊರಡುತ್ತಿತ್ತು. ಹೀಗೆ ಹಿಂದೆ ಸರಿಯುತ್ತ ಅವರು ಒಮ್ಮೆ ತರಕಾರಿ ಗಾಡಿಗೆ, ಇನ್ನೊಮ್ಮೆ ಮಲಗಿದ್ದ ನಾಯಿಗೆ, ಮಗದೊಮ್ಮೆ ಸಾಕ್ಷಾತ್ ತಮ್ಮ ಅತ್ತೆಗೇ ಡಿಕ್ಕಿ ಹೊಡೆದದ್ದುಂಟು. ನಾಯಿ ಮಾತ್ರ ಕ್ಷಮಿಸಿತು ಎಂದು ಅವರ ಹೆಂಡತಿ ಹೇಳುತ್ತಿದ್ದರು.

ಮಾಳಿಗೆಯ ಮೆಟ್ಟಿಲ ಕೆಳಗಿನ ಒಂದೂವರೆ ಕೋಣೆ ಅವರ ಸ್ಟುಡಿಯೋ. ಕೋಣೆಯಲ್ಲಿ ಬಿಳಿಯ ಪರದೆ, ಕಾಲು ಕುಂಟುವ ಸ್ಟೂಲು, ಮೊಳೆಗೆ ದಾರ ಕಟ್ಟಿ ಇಳಿಬಿಟ್ಟ ಬಾಚಣಿಗೆ, ಅಂಚು ಮಬ್ಬಾದ ಕನ್ನಡಿ. ಉಳಿದ ಅರ್ಧದಲ್ಲಿ ಅವರ ಯಂತ್ರಗಳೂ ಮಧ್ಯಾಹ್ನದ ನಿದ್ದೆಯೂ. ಗುರುತಿನ ಚೀಟಿಗೆಂದು ಬಂದು ಕುಳಿತವರ ಗದ್ದವನ್ನು ಎರಡೇ ಬೆರಳಿನಲ್ಲಿ ಹಿಡಿದು, "ಸ್ವಲ್ಪ ಕೆಳಗೆ. ಅಷ್ಟು ಬೇಡ, ನೀವೇನು ತಪ್ಪು ಮಾಡಿಲ್ಲ. ಹಾಂ, ಈಗ ಮೇಲೆ. ಅಯ್ಯೋ ಅಷ್ಟೂ ಬೇಡ, ನೀವೇನು ಮಂತ್ರಿ ಅಲ್ಲ" ಎಂದು ತಿದ್ದುವುದೇ ಅವರ ನಿತ್ಯಕರ್ಮ. ಹಾಗಾಗಿ ಆ ಹೆಸರು.

ಆ ಕೋಣೆಯ ಮುಖ್ಯ ಆಸ್ತಿಯೆಂದರೆ ಕರಿಯ ಕೋಟು. ಗುರುತಿನ ಚಿತ್ರದಲ್ಲಿ ಸಭ್ಯ ಉಡುಪು ಕಡ್ಡಾಯವೆಂದು ಸರಕಾರ ಯಾವ ಕಾಲದಲ್ಲೋ ಹೊರಡಿಸಿದ ಆಜ್ಞೆಗೆ ಹೆದರಿ ಅವರು ಅದನ್ನು ಹೊಲಿಸಿದ್ದರು. ದರ್ಜಿಗೆ ಕೊಟ್ಟ ಬಟ್ಟೆ ಸಾಲದೆ ಕೋಟಿಗೆ ಬೆನ್ನೇ ಇರಲಿಲ್ಲ. ಎದೆಯ ಮೇಲೆ ಇಟ್ಟು ಹಿಂದಿನಿಂದ ಲಾಡಿ ಬಿಗಿದರೆ ಕೂಲಿಯವನ ಅಗಲ ಎದೆಗೂ ಶಾಲೆ ಬಿಟ್ಟ ಹುಡುಗಿಯ ಸಣ್ಣ ಹೆಗಲಿಗೂ ಅದು ಒಪ್ಪುತ್ತಿತ್ತು. ಯಾರಾದರೂ ಸಂಕೋಚಪಟ್ಟರೆ, "ಸರಕಾರ ಬೆನ್ನು ನೋಡಲ್ಲಮ್ಮ" ಎಂದು ಸಮಾಧಾನ ಮಾಡುತ್ತಿದ್ದರು. ಬೆಟ್ಟದ ಕಡೆಯಿಂದ ಇಳಿದು ಬಂದವರು, ಹೊಳೆಯಾಚೆಯಿಂದ ದಾಟಿ ಬಂದವರು, ಅಜ್ಜಂದಿರ ಕಾಲದಲ್ಲಿ ಕಡಲಾಚೆಯಿಂದ ಹಡಗೇರಿ ಬಂದವರು, ಎಲ್ಲಿಂದ ಬಂದೆವೆಂಬುದನ್ನೇ ಮರೆತವರು, ಹೀಗೆ ನಾಲ್ಕು ಬಗೆಯ ಜನ ಒಂದೇ ನಲ್ಲಿಯ ನೀರು ಕುಡಿಯುತ್ತಿದ್ದ ನಮ್ಮ ಬೀದಿಯಲ್ಲಿ, ಪೇಟವೋ ಮುಂಡಾಸೋ ತಲೆವಸ್ತ್ರವೋ ಬಾಗಿಲ ಬಳಿಯ ಗೂಟಕ್ಕೆ ಏರಿ, ಎಲ್ಲರೂ ಅದೇ ಕೋಟಿನಲ್ಲಿ ಚಿತ್ರಕ್ಕೆ ಇಳಿದರು. ಮೂಟೆ ಹೊರುತ್ತಿದ್ದವನೊಬ್ಬನ ಮೊಮ್ಮಕ್ಕಳು ಆ ಚಿತ್ರಕ್ಕೆ ಕಟ್ಟು ಹಾಕಿಸಿ, "ನಮ್ಮ ತಾತ ದೊಡ್ಡ ಆಫೀಸರು" ಎಂದು ಇಂದಿಗೂ ನಂಬಿದ್ದಾರೆ.

ಮಾಮನಿಗೆ ಇದರ ಹೆಮ್ಮೆಯಿತ್ತು. "ಗಾಜಿನ ಕಣ್ಣಿಗೆ ಮೂಲ ಗೀಲ ಕಾಣಲ್ಲ ಕಣಪ್ಪ. ನನಗೂ ಅಷ್ಟೇ" ಎನ್ನುತ್ತಿದ್ದರು. ಅವರಿಗೆ ಹಾಗೆನ್ನುವ ಹಕ್ಕೂ ಇತ್ತೆನ್ನಬೇಕು. ತಾವು ಬೆಟ್ಟದ ಕಡೆಯವರು, ಕಡಲಾಚೆಯವರ ಮಗಳನ್ನು ಮೆಚ್ಚಿ ಮದುವೆಯಾದವರು. ಆ ದಿನದಿಂದ ಎರಡೂ ಕಡೆಯ ಬಾಗಿಲು ಅವರಿಗೆ ಮುಚ್ಚಿತ್ತು. ಒಬ್ಬಳೇ ಮಗಳು ಚಿಕ್ಕವಳಿದ್ದಾಗ, "ನಾವು ಯಾರು?" ಎಂದು ಕೇಳಿದರೆ, ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿ, "ನಾವು ಮೂರು ಜನ" ಎಂದು ಉತ್ತರಿಸುತ್ತಿದ್ದರಂತೆ. ಆ ಉತ್ತರ ಬಹಳ ವರ್ಷ ಸಾಕಾಯಿತು.

ಸಾಲದೇ ಹೋದದ್ದು ಹೊಸ ಗುರುತಿನ ಚೀಟಿ ಬಂದಾಗ. ಅದರಲ್ಲಿ 'ಮೂಲ' ಎಂಬ ಅಂಕಣವಿತ್ತು. ಕೊಟ್ಟಿರುವ ಹೆಸರುಗಳಲ್ಲಿ ಒಂದಕ್ಕೆ, ಒಂದಕ್ಕೆ ಮಾತ್ರ, ಗುರುತು ಹಾಕಬೇಕು. ಹಾಕಿದ ಮೇಲೆ ಏನಾಗುತ್ತದೆ ಎಂಬುದನ್ನು ಯಾರೂ ಹೇಳಲಿಲ್ಲ, ಆದ್ದರಿಂದ ಎಲ್ಲರೂ ಹೇಳತೊಡಗಿದರು: ಇಂಥವರಿಗೆ ಕೆಲಸವಿಲ್ಲವಂತೆ, ಇಂಥವರನ್ನು ಬೇರೆ ಬಡಾವಣೆಗೆ ಕಳಿಸುತ್ತಾರಂತೆ. ಬೀದಿಯಲ್ಲಿ ಮಾತು ತಗ್ಗಿತು. ನಲ್ಲಿಯ ಬಳಿ ಕೊಡಗಳ ಸಾಲು ಇದ್ದ ಹಾಗೆಯೇ ಇತ್ತು. ಕೊಡ ಇಟ್ಟವರು ಮಾತ್ರ ಗುಂಪುಗುಂಪಾಗಿ ದೂರ ನಿಂತರು. ಗಾಬರಿಯಲ್ಲಿ ಬಹಳ ಜನ ಆ ಅಂಕಣವನ್ನು ಖಾಲಿ ಬಿಟ್ಟು ಅರ್ಜಿ ಸಲ್ಲಿಸಿದರು. ಆಗ ನೋಂದಣಿ ಕಚೇರಿಯ ಗುಮಾಸ್ತನೊಬ್ಬನ ಚುರುಕು ಕಣ್ಣಿಗೆ ಬಿದ್ದದ್ದು ಕೋಟಿನ ಎರಡನೆಯ ಗುಂಡಿ. ಕರಿಯ ಕೋಟಿಗೆ ಬಿಳಿಯ ದಾರದಲ್ಲಿ ಹೊಲಿದ ಆ ಗುಂಡಿ ಇನ್ನೂರ ಹದಿಮೂರು ಅರ್ಜಿಗಳಲ್ಲಿ, ಇನ್ನೂರ ಹದಿಮೂರು ಎದೆಗಳ ಮೇಲೆ, ಒಂದೇ ಕಡೆ ಜೋತಾಡುತ್ತಿತ್ತು. ಇಷ್ಟೂ ಅರ್ಜಿಗಳು ಒಂದೇ ಕಟ್ಟಾಗಿ, ಕಟ್ಟಿಗೆ ಕೆಂಪು ದಾರ ಬಿದ್ದು, ಮಾಮನಿಗೆ ಕರೆ ಬಂತು.

ಕಾಗದ ಕೈಗೆ ಬಂದ ಗಳಿಗೆಯೇ ಅವರು ಕೂತು ಬಿಳಿಯ ದಾರ ಬಿಚ್ಚಿ ಕರಿಯ ದಾರ ಪೋಣಿಸಿದರು. ಸೂಜಿ ಬೆರಳಿಗೆ ಚುಚ್ಚುವುದನ್ನು ನೋಡುತ್ತ ನಿಂತಿದ್ದ ಹೆಂಡತಿ, "ರೀ, ಈಗ ದಾರ ಬದಲಾಯಿಸಿದ್ರೆ ಹಳೇ ಫೋಟೋದಲ್ಲೂ ಕಪ್ಪಾಗತ್ತಾ?" ಎಂದರು. ಮಾಮ ಹೊಲಿಗೆ ಮುಗಿಸಿ, ಹಲ್ಲಿನಲ್ಲಿ ದಾರ ಕಚ್ಚಿ ಹರಿದು, ಕೋಟನ್ನು ಗೂಟಕ್ಕೆ ಹಾಕಿ, ಎರಡು ಹೆಜ್ಜೆ ಹಿಂದೆ ಸರಿದು ನೋಡಿದರು.

ಕಚೇರಿಯಲ್ಲಿ ಗದರಿಸುವವರಿದ್ದರೆ ಅವರಿಗೆ ಸುಲಭವಾಗುತ್ತಿತ್ತು. ಅಲ್ಲಿದ್ದದ್ದು ಮಗಳ ವಯಸ್ಸಿನ ಅಧಿಕಾರಿಣಿ. ಎದ್ದು ನಿಂತು ಕುರ್ಚಿ ತೋರಿಸಿದಳು, ನೀರು ತರಿಸಿದಳು. "ನಿಮ್ಮ ಮೇಲೆ ಅನುಮಾನ ಇಲ್ಲ ಸರ್. ಈ ಜನರನ್ನೆಲ್ಲ ನಿಮಗಿಂತ ಚೆನ್ನಾಗಿ ಬಲ್ಲವರು ಯಾರೂ ಇಲ್ಲವಂತೆ. ಒಂದೊಂದು ಫೋಟೋ ನೋಡಿ ಇವರು ಯಾವ ಕಡೆಯವರು ಅಂತ ಹೇಳಿಬಿಡಿ, ಸಾಕು. ಎಲ್ಲರ ಕೆಲಸನೂ ಬೇಗ ಆಗತ್ತೆ." ಕಾಗದ ಸರಿಪಡಿಸುತ್ತ, "ನಿಮ್ಮ ಮಗಳದ್ದೂ ಇದೇ ಕಟ್ಟಲ್ಲಿದೆ" ಎಂದು ಸೇರಿಸಿದಳು. ಮಗಳು ಸರಕಾರಿ ಆಸ್ಪತ್ರೆಯಲ್ಲಿ ದಾದಿ. ಮುಂದಿನ ತಿಂಗಳ ಕೊನೆಯೊಳಗೆ ಹೊಸ ಚೀಟಿ ತೋರಿಸಿದರೆ ಕೆಲಸ ಕಾಯಂ, ಇಲ್ಲವಾದರೆ ಮನೆಗೆ.

ಮೊದಲ ಚಿತ್ರವನ್ನು ಅವರು ಬಹಳ ಹೊತ್ತು ಹಿಡಿದು ಕುಳಿತರು. ನನಗೇನು ಗೊತ್ತು, ನನಗೆ ಗೊತ್ತಿರುವುದು ಗದ್ದ ಮಾತ್ರ ಎಂದುಕೊಂಡರು. ಆಮೇಲೆ ಬಾಯಿಂದ "ಹೊಳೆಯಾಚೆ" ಎಂಬ ಮಾತು ಬಂತು. ಎರಡನೆಯದಕ್ಕೆ "ಬೆಟ್ಟ". ಹತ್ತನೆಯದರ ಹೊತ್ತಿಗೆ ತಡವರಿಕೆ ನಿಂತಿತು. ನಲವತ್ತರ ಹೊತ್ತಿಗೆ ಗುಮಾಸ್ತನ ಲೇಖನಿಯೇ ಅವರ ಹಿಂದೆ ಓಡಬೇಕಾಯಿತು. ಯಾರು ಬಾಚಣಿಗೆಯನ್ನು ಒರೆಸಿಕೊಂಡು ಬಳಸಿದ್ದರು, ಯಾರು ಪೇಟ ಬಿಚ್ಚುವಾಗ ಗೋಡೆಯ ಕಡೆ ತಿರುಗಿದ್ದರು, ಯಾರು ಚಪ್ಪಲಿಯನ್ನು ಹೊಸ್ತಿಲಾಚೆ ಬಿಟ್ಟು ಯಾರು ಸ್ಟೂಲಿನ ತನಕ ಮೆಟ್ಟಿ ಬಂದಿದ್ದರು, ಗೂಟಕ್ಕೇರಿದ ಯಾವ ಬಟ್ಟೆಗೆ ಎಂಥ ವಾಸನೆಯಿತ್ತು, ಎಲ್ಲವೂ ಅವರೊಳಗೆ ಒಂದರ ಪಕ್ಕ ಒಂದು ಅಚ್ಚುಕಟ್ಟಾಗಿ ಕುಳಿತಿತ್ತು. ಮೂವತ್ತು ವರ್ಷ ಏನನ್ನು ಕಾಣುವುದಿಲ್ಲವೆಂದು ಹೇಳಿಕೊಂಡಿದ್ದರೋ ಅದನ್ನೇ ಅವರು ಮೊದಲು ಕಂಡಿದ್ದರು. ಆ ಸಂಜೆ ಮನೆಗೆ ಬಂದವರು ಕೈಕಾಲು ತೊಳೆದರು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಹೋಗಿ ತೊಳೆದರು.

ಮೂರನೆಯ ದಿನ ಕಟ್ಟಿನ ಕೊನೆಯಲ್ಲಿ ಮಗಳ ಚಿತ್ರ ಬಂತು. "ಇವರು ಸರ್?" ಎಂದಳು ಅಧಿಕಾರಿಣಿ. ಬೆಟ್ಟವೆಂದರೆ ಮನೆಯಲ್ಲಿ ಹೆಂಡತಿಯ ಮುಖ ಹೇಗೆ ನೋಡುವುದು. ಕಡಲೆಂದರೆ ತನ್ನ ಮುಖವನ್ನು ಎಲ್ಲಿಡುವುದು. ಯಾವ ಹೆಸರಿನ ಮೇಲೆ ನಾಳೆ ಯಾವ ಕಲ್ಲು ಬೀಳುವುದೋ ಬಲ್ಲವರಾರು? ಕೊನೆಗೆ ಅವರು, "ಗೊತ್ತಿಲ್ಲ" ಎಂದರು. ಇನ್ನೂರ ಹನ್ನೆರಡು ಜನರನ್ನು ಬಲ್ಲವರ ಬಾಯಿಂದ ಆ ಉತ್ತರ ಕೇಳಿ ಗುಮಾಸ್ತ ಲೇಖನಿ ಕೆಳಗಿಟ್ಟ. ಅಧಿಕಾರಿಣಿ ನಗಲಿಲ್ಲ. ಹಾಗಾದರೆ ಅರ್ಜಿದಾರಳೇ ಬರೆದುಕೊಡಬೇಕೆಂದೂ, ಇವಳು ನಮ್ಮವಳೆಂದು ಆ ಮೂಲದ ಇಬ್ಬರು ಸಾಕ್ಷಿ ಹಾಕಬೇಕೆಂದೂ ತಿಳಿಸಿದಳು.

ಉಳಿದವರ ಚೀಟಿಗಳು ಹತ್ತೇ ದಿನದಲ್ಲಿ ಬಂದವು. ಸ್ಟುಡಿಯೋದ ಎದುರಿನ ಕಿರಾಣಿ ಅಂಗಡಿಯಾಕೆ, ಗಂಡನನ್ನು ಕಳೆದುಕೊಂಡು ಒಬ್ಬಳೇ ವ್ಯಾಪಾರ ನಡೆಸುತ್ತಿದ್ದವಳು, ಚೀಟಿ ಹಿಡಿದು ನೇರ ನುಗ್ಗಿದಳು. "ಏನಣ್ಣಾ ಇದು? ಕಡಲಾಚೆಯೋಳಾ ನಾನು? ನಿಮ್ಮ ಮನೆಯಿಂದ ಮೂರನೇ ಮನೇಲಿ ಹುಟ್ಟಿದೋಳು! ಕಡಲನ್ನ ಕ್ಯಾಲೆಂಡರಲ್ಲಿ ಬಿಟ್ಟು ಎಲ್ಲೂ ನೋಡಿಲ್ಲ!"

"ನಿಮ್ಮೆಜಮಾನರು ತಲೆಗೆ ಬಟ್ಟೆ ಸುತ್ತೋ ರೀತಿ..." ಎಂದರು ಮಾಮ.

"ಅವರ ತಲೆ ಅವರ ಜೊತೆ ಹೋಯ್ತಲ್ಲ ಅಣ್ಣ! ನನ್ನ ತಲೆ ಮೇಲೆ ಯಾಕೆ ಸುತ್ತಿದ್ರಿ?"

ಅವಳ ಸಿಟ್ಟು ಎರಡು ವಾರವಿತ್ತು. ಕಡಲಾಚೆಯವರ ಸಂಘದವರು ಅಷ್ಟರಲ್ಲಿ ಮನೆಗೆ ಬಂದು, ಅಕ್ಕ ಎಂದು ಕರೆದು, ಹೆದರಬೇಡಿ ನಾವಿದ್ದೇವೆ ಎಂದರು. ಹೊಳೆಯಾಚೆಯ ಹಳೆಯ ಗಿರಾಕಿಗಳು ಒಬ್ಬೊಬ್ಬರಾಗಿ ಬೇರೆ ಅಂಗಡಿ ಹಿಡಿದರು. ಮೂರನೆಯ ವಾರ ಅವಳು ಸಂಘದ ಸಭೆಗೆ ಹೋದಳು. ಮರಳಿ ಬಂದವಳು ಮಾಮನ ಬಾಗಿಲಲ್ಲಿ ನಿಂತು, "ನೀವು ಹೇಳಿದ್ದೇ ಸರಿಯಿತ್ತೇನೋ ಅಣ್ಣ. ಅಲ್ಲಿ ಎಲ್ಲಾ ನನ್ನ ಥರಾನೇ ಇದ್ದಾರೆ" ಎಂದಳು. ಆ ಮಾತಿಗೆ ಅವರು ಬೆವರಿದಷ್ಟು ಅವಳ ಬೈಗುಳಕ್ಕೆ ಬೆವರಿರಲಿಲ್ಲ.

ಮರುದಿನವೇ ಕಚೇರಿಗೆ ಹೋಗಿ, ತಾವು ಹೇಳಿದ್ದನ್ನೆಲ್ಲ ಹಿಂದಕ್ಕೆ ಪಡೆಯುವುದಾಗಿ, ಅದೆಲ್ಲ ಬರಿಯ ಊಹೆಯೆಂದು ಅವರು ನಿವೇದಿಸಿದರು. ಅಧಿಕಾರಿಣಿ ಕಡತ ತೆರೆದು ನೋಡಿದಳು. "ಆಕ್ಷೇಪಣೆ ಕೊಟ್ಟಿರೋರು ಇಬ್ಬರೇ ಸರ್. ಅದರಲ್ಲಿ ಒಬ್ಬರು ಆಮೇಲೆ ವಾಪಸ್ ತಗೊಂಡ್ರು. ಜನ ಒಪ್ಪಿಕೊಂಡಿರೋದನ್ನ ನೀವು ಹೇಗೆ ಹಿಂದಕ್ಕೆ ತಗೋತೀರಿ?"

ಮಗಳ ಗಡುವಿಗೆ ಆರು ದಿನ ಉಳಿದಿತ್ತು. ಅವರು ಮೊದಲು ಹೋದದ್ದು ಮದುವೆಯ ದಿನದಿಂದ ಮಾತು ಬಿಟ್ಟಿದ್ದ ತಮ್ಮ ಅಣ್ಣನ ಮನೆಗೆ. ಅಣ್ಣ ಕುಳ್ಳಿರಿಸಿದ, ಕಾಗದ ಓದಿದ, ಮಡಿಸಿ ಹಿಂದೆ ಕೊಟ್ಟ. "ಇವಳು ನಮ್ಮವಳು ಅಂತ ನಾನು ಹೇಗೆ ಬರೀಲೋ? ಅವಳ ಮುಖಾನೇ ನೋಡಿಲ್ಲ ನಾನು." ಹೆಂಡತಿಯ ಚಿಕ್ಕಮ್ಮ ಬಾಗಿಲನ್ನು ಪೂರ್ತಿ ತೆರೆಯಲೇ ಇಲ್ಲ. ಎರಡು ದಿನ ಅಲೆದು, ಸೋತು, ಮೂರನೆಯ ದಿನ ಬೆಳಗ್ಗೆ ಮಗಳ ಮುಂದೆ ಆ ಖಾಲಿ ಕಾಗದ ಹಿಡಿದು ನಿಂತರೆ, ಅವಳು ಕೆಲಸದ ಬಿಳಿಯ ಉಡುಪಿನಲ್ಲಿ ಹೊರಡುವ ಆತುರದಲ್ಲಿದ್ದಳು.

"ಅದು ಬೇಡ ಅಪ್ಪ. ನಿನ್ನೆನೇ ಕೊಟ್ಟು ಬಂದೆ."

"ಏನಂತ ಬರೆದೆ?"

"ಹೊಳೆಯಾಚೆ."

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ತಂದೆಯದೂ ಅಲ್ಲ, ತಾಯಿಯದೂ ಅಲ್ಲ. ಮಾಮನ ಹಿಮ್ಮಡಿ ಅಂದು ಹಿಂದಕ್ಕೆ ಸರಿಯಲಿಲ್ಲ, ನಿಂತಲ್ಲೇ ನಿಂತು, ಎರಡೂ ಕಣ್ಣು ತೆರೆದು, "ಸಾಕ್ಷಿ?" ಎಂದು ಮಾತ್ರ ಕೇಳಿದರು.

"ನನ್ನ ವಾರ್ಡಿನ ಹೊಳೆಯಾಚೆಯ ಇಬ್ಬರು ಅಜ್ಜಿಯರು. ಸೂಜಿ ಹಾಕಕ್ಕೆ ಹೋದಾಗೆಲ್ಲ ನಮ್ಮ ಹುಡುಗಿ ಬಂದ್ಲು ಅಂತಾರೆ. ಕೇಳಿದ್ದಕ್ಕೆ ಹಾಸಿಗೆ ಮೇಲೇ ಕೂತು ಸಹಿ ಹಾಕಿದ್ರು." ಚಪ್ಪಲಿ ಮೆಟ್ಟುತ್ತ ಅವಳು ತಲೆ ತಗ್ಗಿಸಿಯೇ ಹೇಳಿದಳು: "ನೀನು ಗೊತ್ತಿಲ್ಲ ಅಂದೆ ಅಪ್ಪ. ಅವರು ನಮ್ಮ ಹುಡುಗಿ ಅಂದ್ರು. ನಾನೇನು ಮಾಡ್ಲಿ?"

ಚೀಟಿ ಬಂತು, ಕೆಲಸವೂ ಉಳಿಯಿತು. ಈಗ ಆ ಮನೆಯಲ್ಲಿ ಮೂರು ಜನರಿಗೆ ಮೂರು ಮೂಲ. ಹೊಳೆಯಾಚೆಯವರ ಮೇಲೆ ಏನಾದರೂ ಸುದ್ದಿ ಹಬ್ಬಿದ ದಿನ ಮಾಮ ಮಧ್ಯಾಹ್ನದ ನಿದ್ದೆ ಬಿಟ್ಟು ಬಸ್ ನಿಲ್ದಾಣದಲ್ಲಿ ನಿಂತು ಮಗಳು ಇಳಿಯುವ ತನಕ ಕಾಯುತ್ತಾರೆ. ಇಳಿದ ಮೇಲೆ ನಾಲ್ಕು ಮಾರು ಹಿಂದೆ, ಅಪರಿಚಿತರಂತೆ, ಮನೆಯ ತನಕ ನಡೆಯುತ್ತಾರೆ.

ಇಂಥವರು ಎಲ್ಲ ಕಾಲದ ಎಲ್ಲ ಬೀದಿಗಳಲ್ಲೂ ಇರುತ್ತಾರೆ. ತಾವು ಯಾರನ್ನೂ ಬೇರೆಯೆಂದು ಕಾಣುವವರಲ್ಲವೆಂಬ ನಂಬಿಕೆಯಲ್ಲಿ ಅವರು ಪ್ರಾಮಾಣಿಕರೇ. ಕುರ್ಚಿ ಕೊಟ್ಟು, ನೀರು ಕೊಟ್ಟು, ಮರ್ಯಾದೆಯಿಂದ ಕೇಳಿದ ದಿನವಷ್ಟೇ ತಮ್ಮ ಕಣ್ಣು ಇಷ್ಟು ಕಾಲ ಏನನ್ನು ಆಯ್ದಿಟ್ಟುಕೊಂಡಿತ್ತೆಂದು ಅವರಿಗೂ ತಿಳಿಯುತ್ತದೆ. ಊರಿನವರೆಲ್ಲರ ಮೂಲವನ್ನು ಉಸಿರಿನಷ್ಟು ಸರಾಗವಾಗಿ ಉಸುರಿದ ಆ ನಾಲಿಗೆ ಮನೆಯವರ ಸರದಿ ಬಂದಾಗ ತಡವರಿಸುತ್ತದೆ, ಪ್ರೀತಿಯಿಂದಲೋ ಭಯದಿಂದಲೋ ಬೇರ್ಪಡಿಸಿ ಹೇಳುವುದು ಕಷ್ಟ. ಆದರೆ ಲೋಕಕ್ಕೆ ಅಷ್ಟು ಹೊತ್ತು ಕಾಯುವ ವ್ಯವಧಾನವಿಲ್ಲ. ನಮ್ಮವರನ್ನು ನಮ್ಮವರೆನ್ನಲು ನಾವು ಎಷ್ಟು ತಡಮಾಡುತ್ತೇವೋ ಅಷ್ಟರಲ್ಲಿ ಆ ಮಾತನ್ನು ಬೇರೆ ಯಾರೋ ಆಡಿಬಿಟ್ಟಿರುತ್ತಾರೆ.