ಕಿಕ್ಕಿರಿದ ಸಭಾಂಗಣದ ವರದಿ

ಆ ಊರಿನ ವಾರಪತ್ರಿಕೆಗೆ ನಾಲ್ಕೇ ಪುಟ, ನಡೆಸುವವರು ಒಬ್ಬರೇ. ಊರವರೆಲ್ಲ ಅವರನ್ನು ಪೇಪರಕ್ಕ ಎನ್ನುತ್ತಿದ್ದರು. ನಲ್ಲಿ ನೀರು ಬಿಡುವ ಹೊತ್ತು, ಕಳೆದುಹೋದ ಬೆಕ್ಕು, ಶಾಲೆಯ ಓಟದ ಪಂದ್ಯ, ಎಲ್ಲವೂ ಅವರ ಮನೆಯ ಮುಂದಿನ ಕೋಣೆಯಲ್ಲೇ ಸುದ್ದಿಯಾಗುತ್ತಿದ್ದವು. ಪತ್ರಿಕೆ ಭಾನುವಾರ ಬೆಳಿಗ್ಗೆ ಮನೆ ಮನೆ ಸೇರಬೇಕು. ಪ್ರೆಸ್ಸಿನವರು ಶನಿವಾರ ಬೆಳಿಗ್ಗೆಯೇ ಪುಟ ಕೇಳುತ್ತಾರೆ. ಊರಿನವರೋ, ಇರುವ ಕಾರ್ಯಕ್ರಮವನ್ನೆಲ್ಲ ಶನಿವಾರ ಸಂಜೆಗೇ ಇಟ್ಟುಕೊಳ್ಳುತ್ತಾರೆ. ಪೇಪರಕ್ಕ ತಾನೇ ಏನು ಮಾಡಿಯಾರು? ನಡೆಯುವ ಮೊದಲೇ ನಡೆಯಿತೆಂದು ಬರೆದುಬಿಡುತ್ತಿದ್ದರು. ಭಾಷಣ ಎಂದಮೇಲೆ ಉದ್ದವಿರುತ್ತದೆ, ಚಪ್ಪಾಳೆ ಎಂದಮೇಲೆ ಬೀಳುತ್ತದೆ, ಅದರಲ್ಲಿ ಹೋಗಿ ನೋಡುವುದೇನು! ಹನ್ನೆರಡು ವರ್ಷದಲ್ಲಿ ಒಮ್ಮೆಯೂ ಸಿಕ್ಕಿಬಿದ್ದಿರಲಿಲ್ಲ.

ಆ ಶನಿವಾರ ಅಂಚೆಯಣ್ಣನ ಬೀಳ್ಕೊಡುಗೆ. ಮೂವತ್ತೊಂದು ವರ್ಷ ಇದೇ ಊರಿನ ಬೀದಿಗಳಲ್ಲಿ ಸೈಕಲ್ ತುಳಿದವನು. ಸಂಜೆ ಐದಕ್ಕೆ ಗ್ರಂಥಾಲಯದ ಸಭಾಂಗಣದಲ್ಲಿ ಸಮಾರಂಭ. ಪೇಪರಕ್ಕ ಬರೆದೂ ಆಗಿತ್ತು, ಅಚ್ಚಾಗಿ ನಾನೂರು ಪ್ರತಿ ಮನೆಗೆ ಬಂದೂ ಆಗಿತ್ತು: “ಸಭಾಂಗಣ ಕಿಕ್ಕಿರಿದಿತ್ತು. ಕೂತವರಿಗಿಂತ ನಿಂತವರೇ ಹೆಚ್ಚು.”

ಅಂಚೆಯಣ್ಣನ ಸಮಾರಂಭವೆಂದು ಈ ಸಲ ಐದಕ್ಕೆ ಹೋಗಿ ನೋಡಿದರೆ ಅರವತ್ತು ಕುರ್ಚಿ, ನಾಲ್ಕು ಜನ. ಇಸ್ತ್ರಿ ಅಂಗಿ ತೊಟ್ಟ ಅಂಚೆಯಣ್ಣ, ಅವನ ಹೆಂಡತಿ, ಅವನ ಅತ್ತಿಗೆ, ಮತ್ತೆ ಬೀಗದ ಕೈ ಹಿಡಿದ ಗ್ರಂಥಾಲಯದ ಕಾವಲುಗಾರ. ಐದೂವರೆಯಾಯಿತು. ಬಾಗಿಲ ಕಡೆ ನೋಡಿ ನೋಡಿ ಅಂಚೆಯಣ್ಣನ ಮುಖ ಬಾಡಿತ್ತು.

ಗೋಡೆಗೆ ಅಂಟಿಸಿದ್ದ ಹೋದ ವಾರದ ಪತ್ರಿಕೆಯ ಮೇಲೆ ಪೇಪರಕ್ಕನ ಕಣ್ಣು ಬಿತ್ತು. ಅವರೇ ಹಾಕಿದ ಪ್ರಕಟಣೆ: ಭಾನುವಾರ ಸಂಜೆ ಐದಕ್ಕೆ. ಸದಾ ಒಂದು ದಿನ ಮುಂದಿನ ತಾರೀಖಿನಲ್ಲೇ ಬದುಕುವ ಹೆಂಗಸು, ಶನಿವಾರವನ್ನು ಭಾನುವಾರ ಮಾಡಿಬಿಟ್ಟಿದ್ದರು.

ಅಂಚೆಯಣ್ಣನ ಪಕ್ಕ ಕೂತು ಎಲ್ಲವನ್ನೂ ಹೇಳಿಬಿಟ್ಟರು. ನಾಳೆ ಜನ ಬರುತ್ತಿದ್ದರೋ ಏನೋ, ಆದರೆ ಬೆಳಿಗ್ಗೆ ಪತ್ರಿಕೆ ಕೈಗೆ ಬಂದರೆ ಸಮಾರಂಭ ನಿನ್ನೆಯೇ ಮುಗಿಯಿತು ಅಂದುಕೊಂಡು ಒಬ್ಬರೂ ಮನೆ ಬಿಟ್ಟು ಏಳುವುದಿಲ್ಲ.

“ಹೋಗ್ಲಿ ಬಿಡಿ ಅಕ್ಕ,” ಎಂದ ಅಂಚೆಯಣ್ಣ. “ಹಾಲ್ ತುಂಬಿತ್ತು ಅಂತ ಪೇಪರಲ್ಲಿ ಬಂದಿದೆಯಲ್ಲ. ಇವಳು ಕತ್ತರಿಸಿ ಇಟ್ಕೋತಾಳೆ. ನಂಗೆ ಅಷ್ಟೇ ಸಾಕು.”

ಬೈದಿದ್ದರೆ ಪೇಪರಕ್ಕ ಜೀರ್ಣಿಸಿಕೊಳ್ಳುತ್ತಿದ್ದರು. ಈ ಮಾತನ್ನು ಜೀರ್ಣಿಸಿಕೊಳ್ಳಲಾಗಲಿಲ್ಲ.

“ನಾಳೆ ಈ ಹಾಲ್ ಖಾಲಿ ಇದೆಯೇನಪ್ಪಾ?” ಎಂದರು ಕಾವಲುಗಾರನಿಗೆ.

“ಇವತ್ತು ತುಂಬಿ ತುಳುಕ್ತಿದೆ ನೋಡಿ, ನಾಳೆ ಖಾಲಿ ಇರದೇ ಇರುತ್ತಾ?”

ಮನೆಗೆ ಬಂದವರೇ ಪತ್ರಿಕೆಯ ಕಟ್ಟು ಬಿಚ್ಚಿ, ಗಂಡನ ಕೈಗೊಂದು ಕೆಂಪು ಪೆನ್ನು ಕೊಟ್ಟು, ಏನು ಬರೆಯಬೇಕೆಂದು ಹೇಳಿದರು. ಗಂಡ ಕನ್ನಡಕ ಮೇಲೇರಿಸಿಕೊಂಡರು.

“ಕೈಯಾರೆ ಮರ್ಯಾದೆ ಹರಾಜಿಗಿಟ್ಟ ಹಾಗಾಗುತ್ತೆ ಕಣೇ. ಹನ್ನೆರಡು ವರ್ಷದ ಹೆಸರು. ಜನ ಉಗೀತಾರೆ.”

“ಉಗೀಲಿ. ಉಗಿಯೋಕಾದ್ರೂ ಬರ್ತಾರಲ್ಲ!”

ನಾನೂರು ಪ್ರತಿಗಳಲ್ಲೂ ಆ ವರದಿಯ ಮೇಲೆ ಅಡ್ಡ ಗೆರೆ ಬಿತ್ತು. ಕೆಳಗೆ ಕೈಬರಹ: “ಇದು ಸುಳ್ಳು. ನಡೆಯುವ ಮೊದಲೇ ಬರೆದದ್ದು. ಸಮಾರಂಭ ಇವತ್ತು ಸಂಜೆ ಐದಕ್ಕೆ. ತಪ್ಪು ನನ್ನದು. ದಯವಿಟ್ಟು ಬನ್ನಿ.” ಅರ್ಧದಲ್ಲೇ ಗಂಡನ ಬೆರಳು ಮರಗಟ್ಟಿತು, ಗೊಣಗಾಟ ಮಾತ್ರ ಕೊನೆಯ ಪ್ರತಿಯವರೆಗೂ ನಿಲ್ಲಲಿಲ್ಲ.

ಭಾನುವಾರ ನಾಲ್ಕೂಮುಕ್ಕಾಲಿಗೇ ಜನ ಬರತೊಡಗಿದರು. ಹೆಚ್ಚಿನವರ ಕೈಯಲ್ಲಿ ಪತ್ರಿಕೆ. ಬೇಕರಿಯವರು ನೆಟ್ಟಗೆ ಪೇಪರಕ್ಕನ ಎದುರಿಗೇ ಬಂದು ನಿಂತರು.

“ಹೋದ ತಿಂಗಳು ನಮ್ಮ ಮಗಳ ಹಾಡು ಮನಮುಟ್ಟುವಂತಿತ್ತು ಅಂತ ಬರೆದಿದ್ರಲ್ಲ, ಕೇಳಿದ್ರಾ?”

“ಇಲ್ಲ ಅಣ್ಣ.”

“ಮತ್ತೆ? ಮನೇಲಿ ಫ್ರೇಮ್ ಹಾಕಿಸಿಟ್ಟಿದ್ದೀವಿ!”

ಸುತ್ತಲಿದ್ದವರು ಗೊಳ್ಳೆಂದರು. ಪೇಪರಕ್ಕನಿಗೆ ನೆಲ ಬಾಯಿಬಿಟ್ಟರೆ ಸಾಕೆನಿಸಿತು. ಆದರೂ ಒಬ್ಬೊಬ್ಬರ ಮುಂದೆಯೂ ನಿಂತು ಬೈಸಿಕೊಂಡರು, ಪ್ರತಿಯೊಬ್ಬರನ್ನೂ ಒಳಗೆ ಕಳಿಸಿದರು. ಅರವತ್ತು ಕುರ್ಚಿ ತುಂಬಿ, ಗೋಡೆಗೊರಗಿ ಜನ ನಿಂತರು.

ಅಂಚೆಯಣ್ಣನನ್ನು ಮಾತಾಡಲು ಕರೆದರು. ಎದ್ದು ನಿಂತ. ಒಂದೊಂದೇ ಮುಖ ನೋಡುತ್ತ ಹೋದ.

“ಎಲ್ರೂ ಬಂದಿದ್ದೀರಿ,” ಎಂದ ಕೊನೆಗೆ. “ಹೊಸ್ತಿಲು ದಾಟದ ಮೂಲೆಮನೆ ಅಜ್ಜಿ ಕೂಡ.”

ಅಷ್ಟೇ ಹೇಳಿ ಕೂತ. ಅವನ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಬಾಗಿಲ ಬಳಿ ನಿಂತಿದ್ದ ಪೇಪರಕ್ಕ ಚಪ್ಪಾಳೆ ಹೊಡೆದು ಹೊಡೆದು ಅಂಗೈ ಕೆಂಪಗೆ ಮಾಡಿಕೊಂಡರು.